ಯಾರು ಕೊಟ್ಟ ಗೊಂಬೆ ಇದು?

2025ರ ನವೆಂಬರ್ 22ಕ್ಕೆ ‘ಟಾಯ್ ಸ್ಟೋರಿ’ ಅನ್ನುವ ಕಾರ್ಟೂನ್ ಸಿನಿಮಾ ತೆರೆಗೆ ಬಂದು 30 ವರ್ಷ ತುಂಬಿತು. ಆ ವಾರ ಫೋನ್ ತೆಗೆದರೆ ಸಾಕು, ಅದರ ನಾಯಕರಾದ ಗೊಂಬೆಗಳು, ವುಡಿ ಮತ್ತು ಬಜ್. ಸ್ಟೇಟಸ್‌ಗಳಲ್ಲಿ ಅವರೇ, ಹೈಸ್ಕೂಲ್ ಗೆಳೆಯರ ಗ್ರೂಪಿನಲ್ಲೂ ಅವರೇ. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ. ‘ಅಯ್ಯೋ, ನಮಗೆ ಇಷ್ಟು ವಯಸ್ಸಾಯ್ತಾ!’ ಓದಿ ಖುಷಿಯಾಯಿತು. ಆ ಸಿನಿಮಾ ನನಗೂ ಬಹಳ ಇಷ್ಟ. ಆದರೆ ಒಂದೊಂದೇ ಪೋಸ್ಟ್ ನೋಡುತ್ತಾ ಹೋದಂತೆ ಏನೋ ಕೊರೆಯತೊಡಗಿತು. ಚಿತ್ರವಿದೆ, ಕೇಕ್ ಇದೆ, ಬಲೂನ್ ಇದೆ, 30 ಅನ್ನುವ ದೊಡ್ಡ ಅಂಕಿ ಇದೆ. ಅದನ್ನು ಮಾಡಿದ ಒಬ್ಬರ ಹೆಸರೂ ಇಲ್ಲ. ಇದು ಟಾಯ್ ಸ್ಟೋರಿಗೆ ಮಾತ್ರ ಆದದ್ದೂ ಅಲ್ಲ. 2024ರಲ್ಲಿ ಲಯನ್ ಕಿಂಗ್‌ಗೆ 30 ತುಂಬಿದಾಗಲೂ ಹೀಗೇ ಆಗಿತ್ತು. ಸಿಂಬನ ಮುಖ, ಸೂರ್ಯೋದಯ, ಅಷ್ಟೇ. ನಟರಿರುವ ಸಿನಿಮಾ ಆದರೆ ಹೀಗಾಗುವುದಿಲ್ಲ ಅಲ್ವಾ? ರಾಜ್‌ಕುಮಾರ್ ಸಿನಿಮಾಗೆ 50 ತುಂಬಿದರೆ ನಿರ್ದೇಶಕರಿಂದ ಹಿಡಿದು ಹಾಡು ಬರೆದವರ ತನಕ ನೆನೆಯುತ್ತೇವೆ. ಕಾರ್ಟೂನ್ ಪಾತ್ರಗಳು ಮಾತ್ರ ತಾವಾಗಿಯೇ ಹುಟ್ಟಿ ಬಂದವರ ಹಾಗೆ ಒಬ್ಬೊಬ್ಬರೇ ನಿಂತಿರುತ್ತವೆ.

ಈ ಕೊರೆತ ಸುಮ್ನೆ ಶುರುವಾದದ್ದಲ್ಲ. ಅದರ ಬೀಜ ಬಿದ್ದದ್ದು ಅದಕ್ಕೂ ಮುಂಚೆ, ದಸರೆಯ ಹೊತ್ತಿನಲ್ಲಿ, ಮೈಸೂರಿನ ಕೃಷ್ಣಮೂರ್ತಿಪುರದ ನಮ್ಮ ದೊಡ್ಡಮ್ಮನ ಮನೆಯಲ್ಲಿ.

ದೊಡ್ಡಮ್ಮನ ಮನೆಯಲ್ಲಿ ಗೊಂಬೆ ಕೂರಿಸುವುದು ಅಂದರೆ ಅದಕ್ಕೊಂದು ಕ್ರಮವಿದೆ. ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಅಟ್ಟದಿಂದ ಟ್ರಂಕುಗಳು ಇಳಿಯುತ್ತವೆ. ಹಳೇ ಪಂಚೆ, ಸೀರೆಯ ತುಂಡು, ಮಾಸಿದ ಪೇಪರು. ಒಂದೊಂದನ್ನೇ ಬಿಚ್ಚಿದಂತೆ ನುಸಿಗುಳಿಗೆಯ ವಾಸನೆ ಹಾಲ್ ತುಂಬಾ ಹರಡುತ್ತದೆ. ಮೊದಲು ಪಟ್ಟದ ಗೊಂಬೆ ಹೊರಗೆ ಬರಬೇಕು, ರಾಜ ಮತ್ತು ರಾಣಿ. ಅವರಿಗೆ ಹೊಸ ಜರಿ ಬಟ್ಟೆ ಉಡಿಸಿ ಮೇಲಿನ ಮೆಟ್ಟಿಲಲ್ಲಿ ಕೂರಿಸಿದ ಮೇಲೆ ಉಳಿದವರ ಸರದಿ. ದಶಾವತಾರ, ಮದುವೆ ದಿಬ್ಬಣ, ಅಂಗಡಿ ಶೆಟ್ಟರು ಮತ್ತು ಶೆಟ್ಟರ ಹೆಂಡತಿ, ಜಂಬೂಸವಾರಿ, ಕೊನೆಯ ಮೆಟ್ಟಿಲಿನ ಕೆಳಗೆ ರಾಗಿ ಪೈರು ಬೆಳೆಸಿದ ಪುಟ್ಟ ತೋಟ. ಇದೆಲ್ಲ ಮೈಸೂರಿನ ಓದುಗರಿಗೆ ಗೊತ್ತಿರುವುದೇ. ನಾನು ಹೇಳಬೇಕೆಂದಿರುವುದು ದೊಡ್ಡಮ್ಮ ಆ ಹೊತ್ತಿನಲ್ಲಿ ಆಡುವ ಮಾತಿನ ಬಗ್ಗೆ. ಒಂದೊಂದು ಗೊಂಬೆಯ ಧೂಳು ಒರೆಸುವಾಗಲೂ ಅದು ಯಾರಿಂದ ಬಂತು ಅಂತ ಅವರು ಹೇಳುತ್ತಾರೆ. ‘ಪಟ್ಟದ ಗೊಂಬೆ ನಮ್ಮತ್ತೆಗೆ ಅವರ ತವರಲ್ಲಿ ಕೊಟ್ಟಿದ್ದು. ಈ ಕೃಷ್ಣ ನಮ್ಮ ನಾದಿನಿ ಕೊಂಡಪಲ್ಲಿಯಿಂದ ತಂದಿದ್ದು, ಆಗ ಅವಳಿಗೆ ಹೊಸದಾಗಿ ಮದುವೆ. ಈ ಕುದುರೆಯ ಕಾಲು ಮುರಿದಿತ್ತು, ನಿಮ್ಮ ದೊಡ್ಡಪ್ಪ ಕೂತು ಅಂಟಿಸಿದರು.’ ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ಆದರೂ ಪ್ರತಿ ನವರಾತ್ರಿಗೆ ಆ ಕುದುರೆಯ ಜೊತೆ ಅವರ ಹೆಸರೂ ಟ್ರಂಕಿನಿಂದ ಹೊರಗೆ ಬರುತ್ತದೆ. ಮನೆಯ ಎಲ್ಲರಿಗೂ ಈ ಮಾತುಗಳು ಬಾಯಿಪಾಠ. ಆದರೂ ಹೇಳದೆ ಗೊಂಬೆ ಇಡುವ ಹಾಗಿಲ್ಲ.

ಈ ಸಲ ನನ್ನ ಮಗಳು ತನ್ನ ಪ್ಲಾಸ್ಟಿಕ್ ಬಜ್ ಲೈಟ್‌ಇಯರ್ ಹಿಡಿದುಕೊಂಡು ಬಂದಿದ್ದಳು. ಅದನ್ನೂ ಕೂರಿಸಬೇಕು ಅಂತ ಹಟ. ಮಕ್ಕಳ ಸಾಮಾನಿಗೆ ಕೆಳಗಿನ ಮೆಟ್ಟಿಲಲ್ಲಿ ಜಾಗ ಇದ್ದೇ ಇರುತ್ತದೆ. ಕ್ರಿಕೆಟ್ ಆಟಗಾರರು, ಪುಟಾಣಿ ಕಾರು, ಎಲ್ಲ ಅಲ್ಲಿಯೇ. ಹಾಗಾಗಿ ದೊಡ್ಡಮ್ಮ ಬೇಡ ಅನ್ನುತ್ತಾರೆ ಅಂತ ಯಾರಿಗೂ ಅನಿಸಿರಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ಆ ಗೊಂಬೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ರೆಕ್ಕೆ ಬಿಚ್ಚುವ ಗುಂಡಿ ಒತ್ತಿ ನೋಡಿದರು.

‘ಯಾರು ಕೊಟ್ಟಿದ್ದು ಪುಟ್ಟಿ ಇದು?’

‘ಮಾಮ.’

‘ಮಾಮಂಗೆ ಎಲ್ಲಿಂದ ಬಂತು?’

‘ಅಂಗಡಿಯಿಂದ.’

‘ಅದು ಸರಿ. ಮಾಡಿದೋರು ಯಾರು? ನಾಳೆ ಸಂಜೆ ಆರತಿಗೆ ಬಂದೋರು ಕೇಳ್ತಾರೆ. ನಿನ್ನ ಗೊಂಬೆ, ನೀನೇ ಹೇಳ್ಬೇಕು. ಅಪ್ಪನ್ನ ಕೇಳಿ ತಿಳ್ಕೊಂಡು ಬಾ.’

ಮಗಳು ನನ್ನ ಮುಖ ನೋಡಿದಳು. ಆ ರಾತ್ರಿ ಅವಳಿಗೆ ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇನೆ.

ಪ್ಲಾಸ್ಟಿಕ್ ಆಗಿದ್ದಕ್ಕೇ ಹುಟ್ಟಿದವರು

ಟಾಯ್ ಸ್ಟೋರಿ ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣ ಪ್ರಮಾಣದ ಸಿನಿಮಾ. ಇದು ಎಲ್ಲ ಕಡೆ ಬರೆದಿರುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು, ಅವರು ಆಟದ ಸಾಮಾನುಗಳನ್ನೇ ಯಾಕೆ ಆರಿಸಿಕೊಂಡರು ಅನ್ನುವುದು. ಆಗಿನ ಕಂಪ್ಯೂಟರುಗಳಿಗೆ ಕೂದಲು, ಚರ್ಮ, ಬಟ್ಟೆಯ ಮಡಿಕೆ ಬರೆಯುವುದು ಮಹಾ ಕಷ್ಟ. ಏನು ಬರೆದರೂ ನುಣ್ಣಗೆ, ಹೊಳೆಯುವ ಪ್ಲಾಸ್ಟಿಕ್ಕಿನಂತೆ ಕಾಣುತ್ತಿತ್ತು. ಹಾಗಿದ್ದರೆ ಪ್ಲಾಸ್ಟಿಕ್ಕಿನವರ ಕತೆಯನ್ನೇ ಹೇಳೋಣ ಅಂತ ಪಿಕ್ಸಾರ್ ಸ್ಟುಡಿಯೋದ ನಿರ್ದೇಶಕ ಜಾನ್ ಲ್ಯಾಸೆಟರ್ ಮತ್ತು ಅವರ ಗೆಳೆಯರು ಹೊರಟರು. 1988ರಲ್ಲಿ ‘ಟಿನ್ ಟಾಯ್’ ಅನ್ನುವ ಕಿರುಚಿತ್ರದಲ್ಲಿ ಅದನ್ನು ಮಾಡಿ ನೋಡಿ, ಆಸ್ಕರ್ ಕೂಡ ಪಡೆದಿದ್ದರು. ಟಾಯ್ ಸ್ಟೋರಿಯಲ್ಲಿ ಮನುಷ್ಯರು ಬಂದಾಗ ಗಮನಿಸಿ. ಆ ಗೊಂಬೆಗಳ ಒಡೆಯನಾದ ಹುಡುಗ ಆಂಡಿಯ ಅಮ್ಮನ ಕಾಲು, ಕೈ, ಬೆನ್ನು ಕಾಣಿಸುವಷ್ಟು ಮುಖ ಕಾಣಿಸುವುದಿಲ್ಲ. ಅದಕ್ಕೂ ಇದೇ ಕಾರಣ. ಆದರೆ ಆ ಕೊರತೆಯಿಂದಲೇ ಗೊಂಬೆಯ ಎತ್ತರದಿಂದ ನೋಡಿದ ಲೋಕ ನಮಗೆ ಸಿಕ್ಕಿತು. ಚಿಕ್ಕವರಿದ್ದಾಗ ನಮಗೂ ದೊಡ್ಡವರೆಂದರೆ ಕಾಲುಗಳೇ ಅಲ್ವಾ?

ಸೆಕೆಂಡಿಗೆ 24 ಚಿತ್ರ. 81 ನಿಮಿಷದ ಸಿನಿಮಾಗೆ ಲೆಕ್ಕ ಹಾಕಿದರೆ ಲಕ್ಷ ದಾಟುತ್ತದೆ. ಅದಕ್ಕಾಗಿ 117 ಕಂಪ್ಯೂಟರುಗಳು ಹಗಲು ರಾತ್ರಿ ಓಡಿದವು. ಒಂದೊಂದು ಚಿತ್ರ ಮೂಡಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಆದರೆ ಇಂಥ ಅಂಕಿಗಳನ್ನು ಹೇಳಿದರೆ ಕಂಪ್ಯೂಟರೇ ಸಿನಿಮಾ ಮಾಡಿತು ಅನ್ನುವ ಹಾಗೆ ಕೇಳಿಸುತ್ತದೆ. ನಿಜವಾದ ಕಷ್ಟ ಬಂದದ್ದು ಬೇರೆ ಕಡೆ. 1993ರ ನವೆಂಬರಿನಲ್ಲಿ ಅರ್ಧಂಬರ್ಧ ತಯಾರಾದ ಸಿನಿಮಾವನ್ನು, ಅದಕ್ಕೆ ಹಣ ಹಾಕಿದ್ದ ಡಿಸ್ನಿಯವರಿಗೆ ತೋರಿಸಿದರು. ಆ ವುಡಿ ನಾವು ನೋಡಿದ ವುಡಿ ಅಲ್ಲ. ಸಿಡುಕ, ದರ್ಪದವನು, ಉಳಿದ ಗೊಂಬೆಗಳ ಮೇಲೆ ಹರಿಹಾಯುವವನು. ನೋಡಿದವರಿಗೆ ಯಾರಿಗೂ ಅವನು ಹಿಡಿಸಲಿಲ್ಲ. ಕೆಲಸ ನಿಲ್ಲಿಸಿ ಅಂದರು. ಆಮೇಲೆ ಕೆಲವೇ ತಿಂಗಳಲ್ಲಿ ಆಂಡ್ರ್ಯೂ ಸ್ಟಾಂಟನ್, ಪೀಟ್ ಡಾಕ್ಟರ್, ಜೋ ರ್‍ಯಾನ್ಫ್ಟ್ ಮೊದಲಾದವರು ಕೂತು ಕತೆಯನ್ನು ಮತ್ತೆ ಬರೆದರು. ವುಡಿಗೆ ಅಸೂಯೆ ಉಳಿಯಿತು, ಆದರೆ ಅದರ ಕೆಳಗೆ ಭಯ ಇದೆ ಅಂತ ತೋರಿಸಿದರು. ತನ್ನ ಜಾಗ ಹೋಗುತ್ತದೆ ಅನ್ನುವ ಭಯ. ನಾವು 30 ವರ್ಷ ಪ್ರೀತಿಸಿದ್ದು ಆ ಭಯವನ್ನೇ. ಅದನ್ನು ಬರೆದ ಜೋ ರ್‍ಯಾನ್ಫ್ಟ್ 2005ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಎರಡನೇ ಭಾಗದಲ್ಲಿ ಕೀರಲು ದನಿಯ ಪೆಂಗ್ವಿನ್ ಗೊಂಬೆ ಬರುತ್ತದಲ್ಲ, ವೀಜಿ, ಅದರ ದನಿಯೂ ಅವರದೇ.

ದನಿಗಳ ಕತೆಯೇ ಬೇರೆ. ಸ್ಪ್ರಿಂಗ್ ನಾಯಿಯ ದನಿಯಾಗಿದ್ದ ಜಿಮ್ ವಾರ್ನಿ 2000ದಲ್ಲಿ ತೀರಿಕೊಂಡಾಗ ಆ ಕೆಲಸ ಅವರ ಗೆಳೆಯ ಬ್ಲೇಕ್ ಕ್ಲಾರ್ಕ್ ಅವರ ಪಾಲಿಗೆ ಬಂತು. ಆಲೂಗಡ್ಡೆ ಗೊಂಬೆಯ ದನಿ ಡಾನ್ ರಿಕಲ್ಸ್ ಅವರದು. ಅವರು 2017ರಲ್ಲಿ ತೀರಿಕೊಂಡರು. 2019ರ ನಾಲ್ಕನೇ ಭಾಗಕ್ಕೆ ಬೇರೆಯವರ ದನಿ ಹಾಕಲಿಲ್ಲ. ಅವರ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಹುಡುಕಿ, ಅದರಿಂದ ಮಾತುಗಳನ್ನು ಆಯ್ದು ಜೋಡಿಸಿದರು. ಪಾತ್ರಗಳಿಗೆ ಸಾವಿಲ್ಲ ಅಂತ ಸುಲಭವಾಗಿ ಹೇಳುತ್ತೇವೆ. ಅವು ಸಾಯದಂತೆ ನೋಡಿಕೊಳ್ಳಲು ಯಾರಾದರೂ ಹೀಗೆ ಕೂರಬೇಕಾಗುತ್ತದೆ.

ಮನೆಯಲ್ಲಿದ್ದ ಒಂದು ಪ್ರತಿ

ನನ್ನ ಮಗಳಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಎರಡನೇ ಭಾಗದ ಕತೆ. 1998ರಲ್ಲಿ ಆ ಸಿನಿಮಾದ ಕೆಲಸ ನಡೆಯುತ್ತಿತ್ತು. ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಕಂಪ್ಯೂಟರಿನಲ್ಲಿದ್ದ ಕಡತಗಳೆಲ್ಲ ಅಳಿಸಿಹೋಗತೊಡಗಿದವು. ಪರದೆಯ ಮೇಲೆ ವುಡಿಯ ಟೋಪಿ ಮಾಯ. ಆಮೇಲೆ ಬೂಟು ಮಾಯ. ಆಮೇಲೆ ವುಡಿಯೇ ಮಾಯ. ಬ್ಯಾಕಪ್ ತೆಗೆದು ನೋಡಿದರೆ ಅದೂ ಕೆಟ್ಟಿತ್ತು. ಆಗ ಗೇಲಿನ್ ಸಸ್ಮನ್ ಅನ್ನುವ ತಾಂತ್ರಿಕ ಮುಖ್ಯಸ್ಥೆಗೆ ನೆನಪಾಯಿತು. ಅವರಿಗೆ ಆಗಷ್ಟೇ ಮಗುವಾಗಿತ್ತು. ಮಗುವಿನ ಜೊತೆ ಇರಬೇಕು ಅಂತ ಮನೆಯಿಂದ ಕೆಲಸ ಮಾಡುತ್ತಿದ್ದರು. ಹಾಗಾಗಿ ಸಿನಿಮಾದ ಒಂದು ಪ್ರತಿ ಅವರ ಮನೆಯ ಕಂಪ್ಯೂಟರಿನಲ್ಲಿತ್ತು. ಹೋಗಿ ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ, ನಿಧಾನಕ್ಕೆ ಸ್ಟುಡಿಯೋಗೆ ತಂದರು. ಆಮೇಲೆ ಕತೆ ಚೆನ್ನಾಗಿಲ್ಲ ಅಂತ ಅದರ ಬಹುಪಾಲನ್ನು ಅವರೇ ಮತ್ತೆ ಮಾಡಿದರು, ಅದು ಬೇರೆ ಮಾತು. ಆ ಹೊತ್ತಿಗೆ ವುಡಿ ಉಳಿದದ್ದು ಒಬ್ಬ ಬಾಣಂತಿಯ ಮನೆಯಲ್ಲಿ. ಅದೇ ಗೇಲಿನ್ ಸಸ್ಮನ್ ಅವರನ್ನು 2023ರಲ್ಲಿ ಪಿಕ್ಸಾರ್ ಕಂಪನಿ ಕೆಲಸದಿಂದ ತೆಗೆಯಿತು. 30ನೇ ವರ್ಷದ ಕೇಕಿನ ಚಿತ್ರಗಳ ನಡುವೆ ನನಗೆ ಇದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಹೊಟ್ಟೆಗೆ ಹಾಕಿಕೊಳ್ಳಲು ಆಗಲಿಲ್ಲ.

ಮರುದಿನ ಸಂಜೆ ಆರತಿಗೆ ಬಂದವರ ಮುಂದೆ ಮಗಳು ಕಂಬಳಿಯ ಕತೆಯನ್ನು ಹೇಳಿದಳು. ಬೀದಿಯ ಮಕ್ಕಳು ಚರ್ಪಿಗೆ ಕೈಯೊಡ್ಡಿ ನಿಂತಿದ್ದವರು ಸುಂಡಲ್ ಮರೆತು ಕೇಳಿದರು. ಎದುರುಮನೆ ಆಂಟಿ ‘ಮಗುಗೆ ಈಗೆಷ್ಟು ವಯಸ್ಸು?’ ಅಂದರು. ದೊಡ್ಡಮ್ಮ ಲೆಕ್ಕ ಹಾಕಿ ‘ಮೊಮ್ಮಕ್ಕಳಾಗೋ ವಯಸ್ಸು ಬಂತಲ್ಲ ಆ ತಾಯಿಗೆ’ ಅಂದರು. ಅಮೆರಿಕದ ಒಬ್ಬ ಹೆಣ್ಣುಮಗಳ ಬಾಣಂತನದ ಬಗ್ಗೆ ಕೃಷ್ಣಮೂರ್ತಿಪುರದ ಹಾಲಿನಲ್ಲಿ ಕಾಳಜಿಯ ಮಾತು ನಡೆಯಿತು. ನನ್ನ ಮಟ್ಟಿಗೆ ಟಾಯ್ ಸ್ಟೋರಿಯ 30ನೇ ವರ್ಷದ ಹಬ್ಬ ಅಂದರೆ ಅದೇ. ನವೆಂಬರಿನಲ್ಲಿ ಬಂದದ್ದು ಬರೀ ತಾರೀಕು.

ತಾತ ಕನ್ನಡ ಮಾಡಿದ ರಾಮಾಯಣ

ಇನ್ನೊಂದು ಸಿನಿಮಾ ಇದೆ. ಅದರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಇತ್ತು. 1990ರ ದಶಕದ ಮೊದಲಿಗೆ ಜಪಾನಿನವರೂ ನಮ್ಮವರೂ ಸೇರಿ ಮಾಡಿದ ರಾಮಾಯಣ. ‘ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ನನ್ನ ವಯಸ್ಸಿನವರು ಇದನ್ನು ಥಿಯೇಟರಿನಲ್ಲಿ ನೋಡಿದವರಲ್ಲ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ, ಹಿಂದಿಯಲ್ಲಿ, ರಜೆಯ ದಿನಗಳಲ್ಲಿ ನೋಡಿದವರು. ರಾಮನಿಗೆ ಅರುಣ್ ಗೋವಿಲ್ ದನಿ, ರಾವಣನಿಗೆ ಅಮರೀಶ್ ಪುರಿ ದನಿ.

ನಾನು ನೋಡಿದ್ದು ಮದ್ದೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ, ತಾತನ ಜೊತೆ. ತಾತನಿಗೆ ಹಿಂದಿ ಒಂದಕ್ಷರ ಬಾರದು. ನಮಗೂ ಅಷ್ಟಕ್ಕಷ್ಟೆ. ಆದರೆ ತಾತ ನಾಟಕದ ಮನುಷ್ಯ. ಮಂಡ್ಯದ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಅಂದರೆ ಏನು ಅಂತ ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ಮಾಡಿ, ಊರಿಗೆ ಊರೇ ರಾತ್ರಿಯಿಡೀ ಎಚ್ಚರ ಕೂರುವ ನಾಟಕ. ತಾತ ಅದರಲ್ಲಿ ದುರ್ಯೋಧನನ ಪಾರ್ಟು ಮಾಡುತ್ತಿದ್ದವರು. ಟಿವಿಯಲ್ಲಿ ರಾಮ ಬಿಲ್ಲೆತ್ತುವ ಮುಂಚೆ ಕೈ ಮುಗಿದ. ತಾತ ನೆಟ್ಟಗೆ ಕೂತರು. ‘ನೋಡ್ಲಾ, ಎತ್ತೋ ಮುಂಚೆ ಕೈ ಮುಗುದ. ಅಂಗ್ ಮಾಡ್ಬೇಕು.’ ಅಲ್ಲಿಂದ ಮುಂದೆ ಟಿವಿಯ ಮಾತು ಯಾರಿಗೂ ಕೇಳಿಸಲಿಲ್ಲ. ತಾತನೇ ಎಲ್ಲರ ಮಾತನ್ನೂ ಆಡತೊಡಗಿದರು. ರಾವಣ ಬಾಯಿ ಬಿಟ್ಟರೆ ದುರ್ಯೋಧನನ ಗತ್ತು. ಸೀತೆ ಬಂದರೆ ದನಿ ತಗ್ಗುತ್ತಿತ್ತು. ಕುಂಭಕರ್ಣನನ್ನು ಎಬ್ಬಿಸುವ ದೃಶ್ಯಕ್ಕೆ ‘ಈಗ ಎದ್ದೇಳ್ತಾನೆ ಕಣ್ಲಾ, ಒಂದ್ ಊರಿನ್ ಅನ್ನ ಸಾಲಕಿಲ್ಲ ಅವ್ನಿಗೆ’ ಅಂತ ನಮ್ಮನ್ನೇ ಹೆದರಿಸಿದರು. ಹಟ್ಟಿಯಿಂದ ಅಜ್ಜಿ ಬಂದು ಬಾಗಿಲಲ್ಲೇ ನಿಂತು ನೋಡಿದರು. ಯುದ್ಧದ ನಡುವೆ ಕರೆಂಟ್ ಹೋಯಿತು. ತಾತ ನಿಲ್ಲಿಸಲಿಲ್ಲ. ಪರದೆ ಕಪ್ಪಾಗಿಯೇ ಇತ್ತು, ರಾವಣನ ವಧೆ ನಮ್ಮ ಮನೆಯ ನಡುಮನೆಯಲ್ಲೇ ಆಯಿತು.

ಆಮೇಲೆ ತಾತ ಕೇಳಿದರು, ‘ಯಾರ್ಲಾ ಬರ್ದೋರು ಇದ್ನ?’ ಜಪಾನಿನವರಂತೆ ಅಂದೆ. ‘ಆಗ್ಲಿ ಬುಡು. ಕಣ್ಣ ಎಷ್ಟ್ ಚೆಂದಾಗ್ ಬರ್ದವ್ರೆ. ರಾಜನ್ ಕಣ್ಣು ಅಂಗೇ ಇರ್ಬೇಕು.’

ಬರೆದವರು ಯಾರು ಅನ್ನುವುದಕ್ಕೆ ಪೂರ್ತಿ ಉತ್ತರ ನನಗೆ ಸಿಕ್ಕಿದ್ದು ತಾತ ಹೋದ ಎಷ್ಟೋ ವರ್ಷಗಳ ಮೇಲೆ. ಯುಗೊ ಸಾಕೊ ಅನ್ನುವ ಜಪಾನಿನ ಚಿತ್ರ ನಿರ್ಮಾಪಕರು 1983ರಲ್ಲಿ ಒಂದು ಸಾಕ್ಷ್ಯಚಿತ್ರಕ್ಕಾಗಿ ಭಾರತಕ್ಕೆ ಬಂದರು. ಪುರಾತತ್ವ ತಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಆ ಚಿತ್ರ. ಆಗ ರಾಮಾಯಣ ಅವರನ್ನು ಹಿಡಿದುಕೊಂಡಿತು. ಎಷ್ಟೋ ರಾಮಾಯಣಗಳನ್ನು ಓದಿಕೊಂಡು, ಸಿನಿಮಾ ಮಾಡಲು ಹೊರಟರು. ಜೊತೆಯಾದವರು ನಮ್ಮ ರಾಮ್ ಮೋಹನ್, ಭಾರತದ ಆನಿಮೇಷನ್‌ನ ಹಿರಿಯರು. ಸುಮಾರು 450 ಕಲಾವಿದರು, ಕೈಯಲ್ಲೇ ಬರೆದ ಸುಮಾರು ಒಂದು ಲಕ್ಷ ಚಿತ್ರಗಳು. ಜಪಾನಿನ ಕಲಾವಿದರಿಗೆ ಪಂಚೆ ಹೇಗೆ ಉಡುತ್ತಾರೆ, ಹಿರಿಯರಿಗೆ ಹೇಗೆ ನಮಸ್ಕಾರ ಮಾಡುತ್ತಾರೆ ಅನ್ನುವುದನ್ನೆಲ್ಲ ಇಲ್ಲಿಯವರು ಹೇಳಿಕೊಡಬೇಕಿತ್ತು. ತಾತ ಮೆಚ್ಚಿದ ಆ ಕೈಮುಗಿಯುವಿಕೆಯ ಹಿಂದೆ ಇಂಥ ಪಾಠಗಳಿದ್ದವು.

ರಾಮ್ ಮೋಹನ್ ಕಲಿತದ್ದು ಯಾರಿಂದ ಅಂತ ಹುಡುಕಿದರೆ ದಾರಿ ಇನ್ನೂ ಹಿಂದಕ್ಕೆ ಹೋಗುತ್ತದೆ. 1956ರಲ್ಲಿ ಅವರು ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ವಿಭಾಗ ಸೇರಿದಾಗ ಅಲ್ಲಿ ಕಲಿಸಲು ಬಂದಿದ್ದವರು ಕ್ಲೇರ್ ವೀಕ್ಸ್. ಡಿಸ್ನಿಯ ಕಲಾವಿದ, ಆದರೆ ಹುಟ್ಟಿದ್ದು ಭಾರತದಲ್ಲೇ. ತಂದೆ ತಾಯಿ ಇಲ್ಲಿ ಮಿಷನರಿಗಳಾಗಿದ್ದರು. ವೀಕ್ಸ್ 1937ರ ‘ಸ್ನೋ ವೈಟ್’ಗೂ ‘ಬಾಂಬಿ’ಗೂ ಕೆಲಸ ಮಾಡಿದವರು. ಜಾತಕ ಕತೆಯೊಂದನ್ನು ತೆಗೆದುಕೊಂಡು 1957ರಲ್ಲಿ ‘ದಿ ಬನ್ಯನ್ ಡಿಯರ್’ ಅನ್ನುವ ಚಿತ್ರವನ್ನು ಇಲ್ಲಿಯ ಹುಡುಗರ ಕೈಯಲ್ಲಿ ಮಾಡಿಸಿದರು. ಅಂದರೆ ಸ್ನೋ ವೈಟ್ ಬರೆದ ಕೈ ರಾಮ್ ಮೋಹನ್ ಅವರಿಗೆ ಪೆನ್ಸಿಲ್ ಹಿಡಿಯಲು ಕಲಿಸಿತು. ಆ ಪೆನ್ಸಿಲ್ ರಾಮನ ತನಕ ಬಂತು. ಆ ರಾಮ ನಮ್ಮ ಹಳ್ಳಿಯ ಟಿವಿಗೆ ಬಂದ. ಪಟ್ಟದ ಗೊಂಬೆ ಅತ್ತೆಯಿಂದ ಸೊಸೆಗೆ ಬರುವ ಹಾಗೆ ಇದೂ ಬಂದಿದೆ. ಹೇಳುವವರು ಮಾತ್ರ ಇರಲಿಲ್ಲ.

2025ರ ಜನವರಿಯಲ್ಲಿ ಆ ರಾಮಾಯಣ ಹೊಸದಾಗಿ ಶುದ್ಧಗೊಂಡು ನಮ್ಮ ಥಿಯೇಟರುಗಳಿಗೆ ಬಂತು. ಯುಗೊ ಸಾಕೊ 2012ರಲ್ಲೇ ತೀರಿಕೊಂಡಿದ್ದರು. ರಾಮ್ ಮೋಹನ್ 2019ರಲ್ಲಿ. 30 ವರ್ಷ ತಡವಾಗಿ ಸಿಕ್ಕ ಚಪ್ಪಾಳೆಯನ್ನು ಕೇಳಿಸಿಕೊಳ್ಳಲು ಇಬ್ಬರೂ ಇರಲಿಲ್ಲ. ವರ್ಷದ ಲೆಕ್ಕ ಇಡುವುದು ನನಗೆ ಮುಖ್ಯ ಅನಿಸುವುದು ಇದಕ್ಕೇ. ಹತ್ತಕ್ಕೆ ನೆನೆದರೆ ಮಾಡಿದವರು ಇರುತ್ತಾರೆ. ಮೂವತ್ತರ ತನಕ ಕಾದರೆ ಎಲ್ಲರೂ ಇರುವುದಿಲ್ಲ.

ಕಾರಾಪುರದ ಹುಡುಗ

ಮೈಸೂರಿನವರು ಇನ್ನೊಬ್ಬರನ್ನು ನೆನೆಯಬೇಕು. ಎಚ್.ಡಿ. ಕೋಟೆ ಕಡೆಯ ಕಾರಾಪುರ ಈಗ ಕಬಿನಿ ಹಿನ್ನೀರು, ಸಫಾರಿ, ರೆಸಾರ್ಟುಗಳ ಊರು. 1924ರ ಜನವರಿ 27ರಂದು ಅಲ್ಲಿ ಒಬ್ಬ ಮಾವುತನ ಮಗನಾಗಿ ಸಾಬು ಹುಟ್ಟಿದ. ತಂದೆ ಮೈಸೂರು ಮಹಾರಾಜರ ಆನೆ ನೋಡಿಕೊಳ್ಳುತ್ತಿದ್ದವರು. 1930ರ ದಶಕದಲ್ಲಿ ರಾಬರ್ಟ್ ಫ್ಲಾಹರ್ಟಿ ಸಿನಿಮಾ ಮಾಡಲು ಮೈಸೂರಿಗೆ ಬಂದಾಗ ಈ ಹುಡುಗ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು. 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’. 1942ರಲ್ಲಿ ‘ಜಂಗಲ್ ಬುಕ್’, ಅದರಲ್ಲಿ ಅವನೇ ಮೋಗ್ಲಿ. ಡಿಸ್ನಿಯ ಕಾರ್ಟೂನ್ ಮೋಗ್ಲಿ ಬಂದದ್ದು 25 ವರ್ಷ ಬಿಟ್ಟು, 1967ರಲ್ಲಿ.

ಇವೆಲ್ಲ ಕಾರ್ಟೂನ್ ಸಿನಿಮಾಗಳಲ್ಲ, ಗೊತ್ತು. ಆದರೆ ಬಾಗ್ದಾದಿನ ಕಳ್ಳನ ಸಿನಿಮಾ ನೋಡಿ. ಅದರಲ್ಲಿ ಜಾಫರ್ ಅನ್ನುವ ಕೆಟ್ಟ ಮಂತ್ರಿ ಇದ್ದಾನೆ. ಆಟದ ಸಾಮಾನಿನ ಹುಚ್ಚಿರುವ ಮುದಿ ಸುಲ್ತಾನ ಇದ್ದಾನೆ. ಚುರುಕು ಕೈಯ ಪುಟ್ಟ ಕಳ್ಳ ಇದ್ದಾನೆ, ಅವನ ಹೆಸರು ಅಬು. ಆ ಅಬು ಆಗಿ ಕುಣಿದವನು ನಮ್ಮ ಸಾಬು. 1992ರಲ್ಲಿ ಡಿಸ್ನಿಯ ‘ಅಲ್ಲಾದೀನ್’ ಬಂದಾಗ ಜಾಫರ್ ಹಾಗೇ ಬಂದ, ಗೊಂಬೆ ಪ್ರೀತಿಸುವ ಸುಲ್ತಾನನೂ ಬಂದ. ಅಬು ಮಾತ್ರ ಕೋತಿಯಾದ. ಮಕ್ಕಳು ಮುದ್ದು ಮಾಡುವ ಆ ಕೋತಿ ಗೋಡೆಯಿಂದ ಗೋಡೆಗೆ ನೆಗೆಯುವುದನ್ನು ನೋಡಿದರೆ ನನಗೆ ಕಾರಾಪುರದ ಹುಡುಗನೇ ಕಾಣಿಸುತ್ತಾನೆ. ಒಬ್ಬ ಮನುಷ್ಯ ಕೋತಿಯಾಗಿ ಉಳಿದದ್ದು ನೋವಿನ ಸಂಗತಿಯೂ ಹೌದು. ಸಾಬು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನದಲ್ಲಿ ಬಂದೂಕು ಹಿಡಿದು ಕೂತ, ಶೌರ್ಯ ಪದಕ ಪಡೆದ, 1963ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡ. 2022ರಲ್ಲಿ ಅಲ್ಲಾದೀನ್‌ಗೆ 30 ತುಂಬಿದಾಗ ಎಲ್ಲರೂ ಜೀನಿಯ ಚಿತ್ರ ಹಾಕಿದರು. 2024ರಲ್ಲಿ ಸಾಬುವಿಗೆ 100 ತುಂಬಿತು. ನನ್ನ ಸುತ್ತಲಿನ ಯಾರ ಬಾಯಲ್ಲೂ ಆ ಹೆಸರು ಕೇಳಲಿಲ್ಲ. ದಸರೆಯ ಆನೆಗಳು ಅರಮನೆಗೆ ಬಂದಾಗ ಅವುಗಳ ಜೊತೆ ಮಾವುತರ ಮಕ್ಕಳೂ ಬಂದು ಬಿಡಾರ ಹೂಡುತ್ತಾರೆ. ಆ ಮಕ್ಕಳಿಗೊಂದು ಸಂಜೆ ಪರದೆ ಕಟ್ಟಿ ಸಾಬುವನ್ನು ತೋರಿಸಿದರೆ ಎಷ್ಟು ಚೆನ್ನಾಗಿರುತ್ತದೆ! ಇದು ನನ್ನ ಬಹಳ ದಿನದ ಆಸೆ.

ಲೈಟ್ ಹಾಕುವ ಹೊತ್ತು

ಮಂಡ್ಯದ ನನ್ನ ಪರಿಚಯದ ಒಬ್ಬ ಹುಡುಗ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದ. ಹೊರದೇಶದ ದೊಡ್ಡ ಸಿನಿಮಾಗಳ ಕೆಲಸ ಬೆಂಗಳೂರಿಗೆ ಬರುವುದು ಹೊಸದೇನಲ್ಲ. 2019ರ ಲಯನ್ ಕಿಂಗ್‌ಗೂ ಬೆಂಗಳೂರಿನ ಕಲಾವಿದರು ದುಡಿದಿದ್ದಾರೆ. ಈ ಹುಡುಗನ ಕೆಲಸ ಪ್ರಾಣಿಗಳ ಕೂದಲು. ಗಾಳಿಗೆ ಹೇಗೆ ಅಲುಗಬೇಕು, ಒದ್ದೆಯಾದರೆ ಹೇಗೆ ಅಂಟಬೇಕು, ಕುತ್ತಿಗೆ ತಿರುಗಿಸಿದರೆ ಯಾವ ಕಡೆ ಮಲಗಬೇಕು. ತಿಂಗಳುಗಟ್ಟಲೆ ಅದೇ. ಅವನ ಹೆಸರು ಒಂದು ಸಿನಿಮಾದ ಕೊನೆಯಲ್ಲಿ ಬಂದಿದೆ ಅಂತ ಗೊತ್ತಾದಾಗ ಅವರಮ್ಮ ಮಂಡ್ಯದಿಂದ ರೇಷ್ಮೆ ಸೀರೆ ಉಟ್ಟುಕೊಂಡು ಮೈಸೂರಿಗೆ ಬಂದರು. ನಾನೂ ಜೊತೆಗೆ ಹೋಗಿದ್ದೆ. ಭಾಷೆ ತಿಳಿಯದ ಸಿನಿಮಾವನ್ನು ಆ ತಾಯಿ ಪೂರ್ತಿ ನೋಡಿದರು. ಯಾವ ಪ್ರಾಣಿ ಬಂದರೂ ಅವರ ಕಣ್ಣು ಕೂದಲ ಮೇಲೆ. ‘ಇದು ನನ್ ಮಗಂದೇನಪ್ಪಾ?’ ಸಿನಿಮಾ ಮುಗಿಯಿತು. ಹೆಸರುಗಳು ಶುರುವಾದವು. ಲೈಟ್ ಹತ್ತಿತು. ಜನ ಎದ್ದರು. ಹೆಸರುಗಳು ಅರ್ಧವೂ ಆಗಿರಲಿಲ್ಲ, ಪರದೆ ಖಾಲಿಯಾಯಿತು. ಮುಂದಿನ ಶೋಗೆ ಹೊತ್ತಾಯ್ತು ಅಂದರು. ಅಮ್ಮ ಎದ್ದೇಳಲಿಲ್ಲ. ‘ಇನ್ನೂ ಬಂದಿಲ್ಲ ಕಣಪ್ಪಾ’ ಅಂತ ಪೊರಕೆ ಹಿಡಿದು ಬಂದ ಹುಡುಗನಿಗೆ ಹೇಳಿದರು. ಪಾಪ, ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಮನೆಯಲ್ಲಿ ನೋಡಿದರೂ ಇದೇ ಕತೆ. ಹೆಸರು ಬರುತ್ತಿದ್ದಂತೆ ಚಿತ್ರ ಮೂಲೆಗೆ ಕುಗ್ಗುತ್ತದೆ. ಮುಂದಿನದು ಶುರುವಾಗಲು ಎಣಿಕೆ ಓಡುತ್ತದೆ. ನಾವು ಮಗಳ ಜೊತೆ ಕೂತು ಟಾಯ್ ಸ್ಟೋರಿಯ ಹೆಸರುಗಳನ್ನು ಕೊನೆಯ ತನಕ ಬಿಟ್ಟು ನೋಡಿದೆವು. ಅದರಲ್ಲಿ ಒಂದು ಕಡೆ ಆ ಸಿನಿಮಾ ತಯಾರಾಗುತ್ತಿದ್ದಾಗ ಕೆಲಸದವರ ಮನೆಗಳಲ್ಲಿ ಹುಟ್ಟಿದ ಮಕ್ಕಳ ಹೆಸರಿದೆ. ಆಮೇಲೆ ಅದೊಂದು ಪದ್ಧತಿಯೇ ಆಯಿತು. ಆ ಮಕ್ಕಳಿಗೆಲ್ಲ ಈಗ 30 ದಾಟಿದೆ. 30 ವರ್ಷದ ಹಬ್ಬ ಯಾರದು ಅಂತ ಕೇಳಿದರೆ ಮೊದಲು ಇವರದು ಅನ್ನುತ್ತೇನೆ. ಅಪ್ಪ ಅಮ್ಮ ರಾತ್ರಿ ತಡವಾಗಿ ಮನೆಗೆ ಬಂದ ವರ್ಷಗಳು ಈ ಸಿನಿಮಾದಲ್ಲಿವೆ.

ಹೊಸ ಭಾಗಗಳು ಬರಲಿ, ಬೇಡ ಅನ್ನುವುದಿಲ್ಲ. 2026ರಲ್ಲಿ ಟಾಯ್ ಸ್ಟೋರಿ ಐದನೆಯದಕ್ಕೆ ಬಂದು ನಿಂತಿದೆ. ಆದರೆ ವರ್ಷ ತುಂಬಿದ್ದಕ್ಕೆ ನನಗೆ ಬೇಕಾದ ಉಡುಗೊರೆ ಅದಲ್ಲ. ಹಳೆಯ ಸಿನಿಮಾವನ್ನೇ ದೊಡ್ಡ ಪರದೆಯ ಮೇಲೆ ಹಾಕಲಿ. ಕೊನೆಯ ಹೆಸರು ಹೋಗುವ ತನಕ ಲೈಟ್ ಹಾಕದಿರಲಿ. ಅಷ್ಟು ಸಾಕು.

ಮುಂದೆ ಬರುವ ತಾರೀಕುಗಳನ್ನು ಈಗಲೇ ಬರೆದಿಟ್ಟಿದ್ದೇನೆ. 2027ರ ಅಕ್ಟೋಬರ್ 18ಕ್ಕೆ ಕಾರ್ಟೂನ್ ಜಂಗಲ್ ಬುಕ್‌ಗೆ 60. ಆ ದಿನ ಸಾಬುವಿನ ಚಿತ್ರ ಹಾಕುತ್ತೇನೆ. ಅದೇ ವರ್ಷ ಡಿಸೆಂಬರ್ 21ಕ್ಕೆ ಸ್ನೋ ವೈಟ್‌ಗೆ 90. ಸಾವಿರಾರು ಹಾಳೆಗಳ ಮೇಲೆ ಗೆರೆ ಎಳೆದು ಬಣ್ಣ ತುಂಬಿದ ಹೆಂಗಸರ ಹೆಸರು ಆ ಸಿನಿಮಾದ ಪಟ್ಟಿಯಲ್ಲಿ ಇಲ್ಲ. ಅವರ ಬಗ್ಗೆ ಓದಿ ಬರೆಯಬೇಕು. 2028ರ ನವೆಂಬರ್ 18ಕ್ಕೆ ಮಿಕ್ಕಿ ಮೌಸ್‌ಗೆ 100. ಎಲ್ಲರೂ ವಾಲ್ಟ್ ಡಿಸ್ನಿ ಹೆಸರು ಹೇಳುತ್ತಾರೆ, ಹೇಳಲಿ. ಮೊದಲ ಮಿಕ್ಕಿಯನ್ನು ಒಬ್ಬನೇ ಕೂತು ರಾಶಿ ರಾಶಿ ಬರೆದ ಅಬ್ ಐವರ್ಕ್ಸ್ ಹೆಸರನ್ನು ನಾನು ಹೇಳುತ್ತೇನೆ. ಮಂಡ್ಯದ ಆ ಹುಡುಗನ ಸಿನಿಮಾಗೆ ಹತ್ತು ತುಂಬಲು ಇನ್ನೂ ಸಮಯವಿದೆ. ಆ ದಿನ ಲ್ಯಾಪ್‌ಟಾಪ್ ತೆಗೆದುಕೊಂಡು ಅವರ ಮನೆಗೆ ಹೋಗುವುದು, ಅವನ ಹೆಸರು ಬಂದ ಕಡೆ ನಿಲ್ಲಿಸಿ ಅಮ್ಮನಿಗೆ ತೋರಿಸುವುದು ಅಂತ ಮಾತಾಗಿದೆ. ‘ಬನ್ನಿ, ಆದ್ರೆ ಊಟದ್ ಹೊತ್ಗೇ ಬರ್ಬೇಕು, ಸುಮ್ನೆ ಕಾಫಿ ಕುಡ್ಕೊಂಡ್ ಓಯ್ತೀನಿ ಅಂದ್ರೆ ಬುಡಾಕಿಲ್ಲ’ ಅಂದಿದ್ದಾರೆ.